ಬದುವಿನ ಆಚೆ ಮೂವತ್ತೆಂಟು ವರ್ಷ

ಸದಲಗಾದ ದೂಧಗಂಗಾ ದಂಡೆಯ ಕಡೆ ನನ್ನದು ಮೂರು ಎಕರೆ. ಅದಕ್ಕೆ ತಾಗಿ, ಒಂದು ಮೊಳ ಎತ್ತರದಲ್ಲಿ, ನನ್ನ ಗೆಳೆಯನ ಎರಡು ಎಕರೆ. ನಡುವೆ ಒಂದೇ ಬದು. ಬದುವಿನ ಆ ಕಡೆ ಅವನು, ಈ ಕಡೆ ನಾನು ದಿನಾ ದುಡಿದೆವು. ಆದರೆ 1981ರಿಂದ 2019ರ ತನಕ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮನಸ್ಸು ಕೆಟ್ಟದ್ದು ನಮ್ಮಿಬ್ಬರ ಪಾಡು. ಆದರೆ ಅದರಿಂದ ಐದು ಎಕರೆ ಭೂಮಿಯೂ ಕೆಟ್ಟಿತು. ಇಂಥ ಬದು ಬೇರೆಯವರ ಹೊಲದಲ್ಲೂ ಇದ್ದೀತು ಅಂತ ಬರೆಯುತ್ತಿದ್ದೇನೆ. ಗೆಳೆಯ ಒಪ್ಪಿದ್ದಾನೆ. ಹೆಸರು ಬೇಡ ಅಂದ, ಹಾಕಿಲ್ಲ.

ಒಂದು ಚಕ್ಕಡಿ, ಎರಡು ಮನೆಯ ಎತ್ತು

ಆಗ ನಮ್ಮ ಭಾಗದಲ್ಲಿ ಬೀಡಿ ತಂಬಾಕು ದೊಡ್ಡ ಪೀಕು. ಮಾರಾಟಕ್ಕೆ ನಿಪ್ಪಾಣಿಯ ವ್ಯಾಪಾರಿಗಳೇ ಗತಿ. ಅವರು ಹೇಳಿದ್ದು ದರ, ಅವರು ಕೊಟ್ಟಾಗ ರೊಕ್ಕ. 1981ರ ಮಾರ್ಚ್ ನಡುವಿನಲ್ಲಿ, ಶೇತಕರಿ ಸಂಘಟನೆಯ ಶರದ್ ಜೋಶಿಯವರ ಮುಂದಾಳ್ತನದಲ್ಲಿ, ತಂಬಾಕು ಬೆಳೆಗಾರರು ನಿಪ್ಪಾಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಂತರು. ಕನ್ನಡದವ, ಮರಾಠಿಯವ ಅನ್ನುವ ಭೇದ ಅಲ್ಲಿರಲಿಲ್ಲ. ಹಿಂದಿನ ವರ್ಷ, 1980ರ ಜುಲೈನಲ್ಲಿ, ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಅದು ಗೊತ್ತಿದ್ದೂ ಸಾವಿರಾರು ಜನ ಬಂದಿದ್ದರು.

ನಾವಿಬ್ಬರೂ ಹೋದೆವು. ಚಕ್ಕಡಿ ನನ್ನದು. ಎತ್ತು ಅವನದೊಂದು, ನನ್ನದೊಂದು. ಆಗೆಲ್ಲ ನಮ್ಮ ಗಳೆ ಹೊಡೆಯುವುದೂ ಹಾಗೇ, ಎರಡು ಮನೆ ಕೂಡಿ.

ಮೂರು ವಾರಕ್ಕೂ ಮಿಕ್ಕಿ ರಸ್ತೆ ಬಂದಾಯಿತು. ಏಪ್ರಿಲ್ 6ರಂದು ಬಂಧನ, ಲಾಠಿ, ಅಶ್ರುವಾಯು, ಆಮೇಲೆ ಗೋಲಿಬಾರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಗದ್ದಲ ಶುರುವಾದಾಗ ನಾನು, "ಏಳೋ, ಹೋಗೂಣು" ಅಂದೆ. ಅವನು, "ಇಷ್ಟ ದಿನಾ ಕುಂತು ಈಗ ಏಳೂದೇನೋ?" ಅಂದ. ಮುಂದೆ ಜನ ದಿಕ್ಕಾಪಾಲಾಗಿ ಓಡಿದರು. ನಾನು ಚಕ್ಕಡಿ ಹೂಡಿ ಹೊಲದ ಹಾದಿ ಹಿಡಿದೆ. ಹಿಂದೆ ನೋಡಲಿಲ್ಲ. ಅವನು ನೂಕಾಟದಲ್ಲಿ ತಗ್ಗಿಗೆ ಬಿದ್ದು ಎಡಗಾಲು ಮುರಿದುಕೊಂಡಿದ್ದ. ಅದು ನನಗೆ ತಿಳಿದದ್ದು ಮರುದಿನ.

ಕತ್ತಲಲ್ಲಿ ಅವನ ಎತ್ತನ್ನು ಅವನ ಮನೆ ಮುಂದೆ ಕಟ್ಟಿ ಸುಮ್ಮನೆ ಬಂದೆ. ಅವನು ಎರಡು ತಿಂಗಳು ದವಾಖಾನೆಯಲ್ಲಿದ್ದ. ನಾನು ಒಂದು ದಿನವೂ ಹೋಗಲಿಲ್ಲ. ಪೊಲೀಸರು ಹೆಸರು ಬರೆದುಕೊಂಡಾರು ಅನ್ನುವ ಅಂಜಿಕೆ ಮೊದಲ ವಾರದ್ದು. ಆಮೇಲಿನದು ನಾಚಿಕೆ. ಖರ್ಚಿಗೆ ಅವರು ಆ ಎತ್ತನ್ನೂ ಮಾರಿದರು, ತಂಬಾಕನ್ನೂ ಕೇಳಿದ ದರಕ್ಕೆ ಕೊಟ್ಟರು.

ಮುಚ್ಚಿದ ಬಸಿಗಾಲುವೆ

ಹೊಳೆಯಿಂದ ಪಂಪಿನ ನೀರು ಬಂತು, ತಂಬಾಕು ಹೋಗಿ ಕಬ್ಬು ಬಂತು. ಎರಡು ಹೊಲದ ಹೆಚ್ಚುವರಿ ನೀರು ಹಳ್ಳಕ್ಕೆ ಹೋಗಲು ಹಿರಿಯರು ಬದುವಿನ ಗುಂಟ ತೋಡಿದ ಬಸಿಗಾಲುವೆ ಇತ್ತು. ಅದರ ಬಾಯಿ ನನ್ನ ಹೊಲದಲ್ಲಿ. "ಓಡಿಬಂದಾಂವ" ಅಂತ ಅವನ ಮನೆಯವರು ನನ್ನನ್ನು ಆಡಿಕೊಂಡರೆಂದು ಕೇಳಿ, 1994ರಲ್ಲಿ ಸಿಟ್ಟಿನಿಂದ ಆ ಕಾಲುವೆ ಮುಚ್ಚಿ ಎರಡು ಸಾಲು ಕಬ್ಬು ಹೆಚ್ಚು ಹಚ್ಚಿದೆ.

ಅವನಿಗೆ ತೊಂದರೆ ಮಾಡಿದೆ ಅಂದುಕೊಂಡಿದ್ದೆ. ನೀರು ಮೊದಲು ನಿಂತದ್ದು ನನ್ನ ಹೊಲದಲ್ಲೇ. ಎರೆಮಣ್ಣು, ಎಂಟು ದಿನಕ್ಕೊಮ್ಮೆ ಹಾಯಿ ನೀರು, ಹೊರಗೆ ಹೋಗಲು ದಾರಿ ಇಲ್ಲ. ಒಳಗಿನ ನೀರು ಮೇಲೇರಿ ಆರುವಾಗ ಉಪ್ಪನ್ನು ಮೇಲೆಯೇ ಬಿಟ್ಟು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳುಪು. ಎಕರೆಗೆ 40 ಟನ್ ಬರುತ್ತಿದ್ದ ಕಬ್ಬು 18ಕ್ಕೆ ಇಳಿಯಿತು. ಕುಳೆ ಬೆಳೆಯಂತೂ ಏಳಲೇ ಇಲ್ಲ. ಕೆಲ ವರ್ಷಗಳಲ್ಲಿ ಅವನ ಹೊಲದ ಕೆಳಗಿನ ಅರ್ಧವೂ ಸವಳಾಯಿತು.

ಗಂಜಿ ಕೇಂದ್ರದಲ್ಲಿ

2019ರ ಆಗಸ್ಟ್. ಕೃಷ್ಣೆ, ದೂಧಗಂಗೆ, ವೇದಗಂಗೆ ಎಲ್ಲ ಒಟ್ಟಿಗೆ ಏರಿದವು. ಎತ್ತರದ ಜಾಗದ ಒಂದು ಶಾಲೆಯಲ್ಲಿ ಗಂಜಿ ಕೇಂದ್ರ. ನಾನು ಎರಡು ಎಮ್ಮೆ ಹೊಡೆದುಕೊಂಡು ಹೋದಾಗ ಕಟ್ಟಲು ಉಳಿದಿದ್ದು ಒಂದೇ ಟ್ರೇಲರಿನ ಕೊಂಡಿ. ಅದರ ಆಚೆ ಬದಿಗೆ ಅವನ ಎಮ್ಮೆ ಕಟ್ಟಿತ್ತು. ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ನನ್ನ ಮೇವು ಮುಗಿಯಿತು. ಅವನು ಕುಂಟುತ್ತ ಬಂದು ಅರ್ಧ ಸಿವುಡು ಕಣಿಕೆ ನನ್ನ ಎಮ್ಮೆ ಮುಂದೆ ಒಗೆದು ಹೋದ.

ರಾತ್ರಿ ನಾನೇ ಹೋಗಿ ಅವನ ಪಕ್ಕ ಕುಂತೆ. "ಅವತ್ತು ಬಿಟ್ಟು ಬಂದೆ, ತಪ್ಪಾತು" ಅಂದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ಅಂದ:

"ಚಕ್ಕಡಿ ತಗೊಂಡು ಹೋಗಿದ್ದಕ್ಕ ನನಗ ಸಿಟ್ಟಿಲ್ಲೋ. ಜೀವಾ ಯಾರಿಗಿ ಬ್ಯಾಡ? ದವಾಖಾನಿಗಿ ಬರ್ಲಿಲ್ಲಲ್ಲಾ, ಅದಕ್ಕ. ದಿನಾ ಬಾಗಲಾ ನೋಡ್ತಿದ್ನಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಜಿಕೆ, ನಾಚಿಕೆ ಎರಡನ್ನೂ ಹೇಳಿದೆ. ಕಾಲುವೆ ಮುಚ್ಚಿದ್ದು ಬೇಕಂತಲೇ ಅಂತಲೂ ಹೇಳಿದೆ. ಆಗ ಅವನು, "ನೀ ಏಳು ಅಂದಿದ್ದಿ, ನಾನ ಕೇಳಲಿಲ್ಲ. ಈ ಮಾತು ನಾನೂ ಮನ್ಯಾಗ ಯಾರಿಗೂ ಹೇಳಲಿಲ್ಲ. ನಿನ್ನ ಬೈದ್ರ ಸುಮ್ಮ ಕೇಳ್ಕೊಂತ ಕುಂತ್ನಿ" ಅಂದ.

ಎಲ್ಲ ಆ ರಾತ್ರಿಯೇ ಸರಿಹೋಯಿತು ಅಂತ ಬರೆದರೆ ಸುಳ್ಳಾದೀತು. ಅವನು ನಮ್ಮ ಮನೆಗೆ ಊಟಕ್ಕೆ ಬರಲು ಮತ್ತೆ ಒಂದು ವರ್ಷ ಹಿಡಿಯಿತು.

ಕೂಡಿ ಮಾಡಿದ್ದು

2021ರ ಫೆಬ್ರವರಿಯಲ್ಲಿ ಕಬ್ಬು ಕಡಿದ ಮೇಲೆ ಕೆಲಸ ಹಿಡಿದೆವು. ಮೊದಲು ಮಣ್ಣು ಪರೀಕ್ಷೆ. ಇದು ಬಿಡಬಾರದು. ಬರೀ ಸವಳು ಇದ್ದರೆ ಒಳ್ಳೆಯ ನೀರು ಬಿಟ್ಟು ಬಸಿದು ಉಪ್ಪು ತೊಳೆಯಬಹುದು. ಮಣ್ಣು ಕ್ಷಾರವಾಗಿದ್ದರೆ ಜಿಪ್ಸಮ್ ಬೇಕು, ಬಸಿಗಾಲುವೆ ಒಂದರಿಂದಲೇ ಆಗುವುದಿಲ್ಲ. ನಮ್ಮದು ಮೊದಲನೆಯ ತರಹದ್ದು.

ಜೆಸಿಬಿಯಿಂದ ಹಳೆಯ ಕಾಲುವೆಯನ್ನು ಐದು ಅಡಿ ಆಳಕ್ಕೆ ತೆಗೆದು ಹಳ್ಳಕ್ಕೆ ಕೂಡಿಸಿದೆವು. ಹೊಲದೊಳಗೆ ನಾಲ್ಕು ಅಡಿ ಆಳದಲ್ಲಿ ತೂತಿನ ಪೈಪು. ಮಣ್ಣು ಹೊಕ್ಕು ಕಟ್ಟಿಕೊಳ್ಳದಂತೆ ಅದಕ್ಕೆ ಜಾಳಿಗೆ ಬಟ್ಟೆ ಸುತ್ತಿದೆವು. ಸಾಲಿಂದ ಸಾಲಿಗೆ 80 ಅಡಿ, ನೂರು ಅಡಿಗೆ ಮೂರು ಇಂಚು ಇಳಿಜಾರು. ಎಕರೆಗೆ ಸುಮಾರು 35,000 ರೂಪಾಯಿ ಬಿತ್ತು. ಎಕರೆ ಲೆಕ್ಕದಲ್ಲಿ ಹಂಚಿಕೊಂಡೆವು. ಮೊದಲ ಮಳೆಗಾಲ ಕಬ್ಬು ಹಚ್ಚದೆ ಡಯಂಚಾ ಬಿತ್ತಿ ಮಣ್ಣಿಗೆ ಹಾಕಿದೆವು.

ಒಂದು ತಪ್ಪೂ ಆಯಿತು. ಪೈಪಿನ ಬಾಯಿಗೆ ಮುಚ್ಚಳ ಇಟ್ಟಿರಲಿಲ್ಲ. 2021ರ ಜುಲೈನಲ್ಲಿ ಮತ್ತೆ ಹೊಳೆ ಬಂದಾಗ ಹಳ್ಳದ ನೀರು ಹಿಮ್ಮುಖವಾಗಿ ನುಗ್ಗಿ ಕೆಳಗಿನ ಸಾಲುಗಳಲ್ಲಿ ಹೂಳು ತುಂಬಿತು. ಹೊಳೆ ದಂಡೆಯವರು ಮುಚ್ಚಳ ಮರೆಯಬೇಡಿ.

ಈಗ ಇಬ್ಬರೂ ಹನಿ ನೀರಾವರಿಗೆ ಬಂದಿದ್ದೇವೆ. ಮೂರನೆಯ ವರ್ಷಕ್ಕೆ ನನಗೆ ಎಕರೆಗೆ 34 ಟನ್ ಬಂತು. ಹಳೆಯ 40 ಇನ್ನೂ ಮುಟ್ಟಿಲ್ಲ. ಅವನ ಹೊಲ ನನಗಿಂತ ಬೇಗ ಸುಧಾರಿಸಿದೆ.

ಸವಳು ಭೂಮಿಯನ್ನು ಒಬ್ಬನೇ ಸುಧಾರಿಸಲಾಗದು. ನೀರು ಇನ್ನೊಬ್ಬರ ಹೊಲದಿಂದ ಬರುತ್ತದೆ, ಇನ್ನೊಬ್ಬರ ಹೊಲ ದಾಟಿಯೇ ಹೋಗಬೇಕು. ಬದುವಿನ ಆಚೆಯವನ ಜೊತೆ ಮಾತು ಬಿಟ್ಟಿದ್ದರೆ, ಜೆಸಿಬಿ ತರಿಸುವ ಮೊದಲು ಆ ಮಾತು ಮುಗಿಸಿ.

2022ರ ಏಪ್ರಿಲ್ 6ರಂದು ಇಬ್ಬರೂ ನಿಪ್ಪಾಣಿಗೆ ಹೋಗಿದ್ದೆವು. ಹೆದ್ದಾರಿ ಅಗಲವಾಗಿದೆ. ಚಕ್ಕಡಿ ನಿಲ್ಲಿಸಿದ್ದು ಎಲ್ಲಿ ಅಂತ ಗುರುತೇ ಸಿಗಲಿಲ್ಲ. ನಾನು ಇಲ್ಲಿ ಅಂದೆ, ಅವನು ಅಲ್ಲಿ ಅಂದ. ಬಸ್ಸಿನಲ್ಲಿ ವಾಪಸು ಬರುವಾಗಲೂ ಅದೇ ವಾದ ನಡೆದಿತ್ತು.