ಎತ್ತರ ಮುಖ್ಯವೋ, ಬಾಳಿಕೆ ಮುಖ್ಯವೋ?

ಫುಟ್‌ಬಾಲ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು? ಈ ಚರ್ಚೆಯಲ್ಲಿ ಹೆಸರುಗಳಿಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ. ಕೆಲವೇ ವರ್ಷ ಯಾರ ಕೈಗೂ ಎಟುಕದಂತೆ ಆಡಿದವನು ದೊಡ್ಡವನೋ ಅಥವಾ ದಶಕಗಳ ಕಾಲ ಚೆನ್ನಾಗಿ ಆಡಿದವನೋ?

ಪ್ರಶ್ನೆ ಹೊಸದೇನಲ್ಲ. ‘ಫ್ರಾನ್ಸ್ ಫುಟ್‌ಬಾಲ್’ ಪತ್ರಿಕೆ 1956ರಲ್ಲಿ ಯುರೋಪಿನ ಅತ್ಯುತ್ತಮ ಆಟಗಾರನಿಗೆ ‘ಬ್ಯಾಲನ್ ಡಿ ಓರ್’ ಪ್ರಶಸ್ತಿ ಆರಂಭಿಸಿದಾಗಲೇ ಅದು ಎದುರಾಗಿತ್ತು. ಆ ವರ್ಷ ರಿಯಲ್ ಮ್ಯಾಡ್ರಿಡ್ ಮೊದಲ ಯುರೋಪಿಯನ್ ಕಪ್ ಗೆದ್ದಿತ್ತು. ಅದರ ಜೀವಾಳ ಆಲ್ಫ್ರೆಡೊ ಡಿ ಸ್ಟೆಫಾನೊ. ಆದರೆ ಪತ್ರಕರ್ತರು ಆರಿಸಿದ್ದು 41 ವರ್ಷದ ಇಂಗ್ಲಿಷ್ ಆಟಗಾರ ಸ್ಟಾನ್ಲಿ ಮ್ಯಾಥ್ಯೂಸ್‌ರನ್ನು. ಅಂತರ ಕೇವಲ ಮೂರು ಅಂಕ: 47ಕ್ಕೆ 44. ಮ್ಯಾಥ್ಯೂಸ್ ಅಷ್ಟಕ್ಕೇ ನಿಲ್ಲಲಿಲ್ಲ. 1965ರಲ್ಲಿ ಇಂಗ್ಲೆಂಡಿನ ಅಗ್ರ ದರ್ಜೆಯ ಲೀಗ್‌ನಲ್ಲಿ ಕೊನೆಯ ಪಂದ್ಯ ಆಡಿದಾಗ ಅವರಿಗೆ 50 ತುಂಬಿತ್ತು.

ಇದಕ್ಕೆ ತದ್ವಿರುದ್ಧ ಹಾಲೆಂಡಿನ ಮಾರ್ಕೊ ವಾನ್ ಬಾಸ್ಟನ್ ಕಥೆ. 1988ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಹೊಡೆದದ್ದು ಐದು ಗೋಲು. ಅದರಲ್ಲಿ ಮೂರು ಇಂಗ್ಲೆಂಡ್ ವಿರುದ್ಧದ ಒಂದೇ ಪಂದ್ಯದಲ್ಲಿ ಬಂದವು. ಮ್ಯೂನಿಕ್‌ನ ಫೈನಲ್‌ನಲ್ಲಿ ಗಾಳಿಯಲ್ಲಿ ಬಂದ ಚೆಂಡನ್ನು ನೆಲ ಮುಟ್ಟಲು ಬಿಡದೆ, ಕಿರಿದಾದ ಕೋನದಿಂದ ಸೋವಿಯತ್ ಗೋಲಿಗೆ ಅಟ್ಟಿದ್ದನ್ನು ಕಂಡವರು ಮರೆತಿಲ್ಲ. 1988, 1989 ಮತ್ತು 1992ರಲ್ಲಿ ‘ಬ್ಯಾಲನ್ ಡಿ ಓರ್’ ಅವರದಾಯಿತು. 1993ರಲ್ಲಿ ಅದೇ ಮ್ಯೂನಿಕ್ ಕ್ರೀಡಾಂಗಣದಲ್ಲಿ ಮಿಲಾನ್ ಪರ ಆಡಿದ್ದೇ ಅವರ ಕೊನೆಯ ಸ್ಪರ್ಧಾತ್ಮಕ ಪಂದ್ಯವಾಯಿತು. ಆಗ ವಯಸ್ಸು 28. ಪಾದದ ಕೀಲು ಕೈಕೊಟ್ಟಿತ್ತು. ಎರಡು ವರ್ಷ ಕಾದು ನಿವೃತ್ತಿ ಘೋಷಿಸಿದರು.

ಒಟ್ಟು ಪಂದ್ಯ, ಒಟ್ಟು ಗೋಲುಗಳನ್ನಷ್ಟೇ ಲೆಕ್ಕ ಹಾಕಿದರೆ ವಾನ್ ಬಾಸ್ಟನ್ ಹಿಂದೆ ಬೀಳುತ್ತಾರೆ. ಆದರೆ ಬಾಳಿಕೆ ಎಂಬುದು ಶಿಸ್ತಿನ ಫಲ ಮಾತ್ರವಲ್ಲ, ಆಯಾ ಕಾಲದ ನಿಯಮ, ವೈದ್ಯಕೀಯದ ಕೊಡುಗೆಯೂ ಹೌದು. 1966ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಆಟಗಾರರ ಒದೆತ ತಿಂದ ಪೆಲೆ ಕುಂಟುತ್ತಲೇ ಆಡಬೇಕಾಯಿತು. ಬದಲಿ ಆಟಗಾರನನ್ನು ಇಳಿಸಲು ಆಗ ಅವಕಾಶವೇ ಇರಲಿಲ್ಲ. ಹಿಂದಿನಿಂದ ಬಂದು ಕಾಲಿಗೆ ಹೊಡೆಯುವವರನ್ನು ಹೊರಗಟ್ಟಬೇಕೆಂಬ ಕಟ್ಟುನಿಟ್ಟು ಬಂದದ್ದು 1994ರ ವಿಶ್ವಕಪ್ ಹೊತ್ತಿಗೆ. ವಾನ್ ಬಾಸ್ಟನ್ ಪಾಲಿಗೆ ಅದು ತಡವಾಗಿತ್ತು.

ಹಾಗೆಂದು ಬಾಳಿಕೆಯನ್ನು ತಳ್ಳಿಹಾಕುವಂತಿಲ್ಲ. ಒಂದು ಋತುವಿನ ಮಿಂಚು ಅದೃಷ್ಟವೂ ಆಗಿರಬಹುದು. ಎದುರಾಳಿಗಳು ಮರ್ಮ ಅರಿತ ಮೇಲೂ ಗೆಲ್ಲುವುದೇ ನಿಜವಾದ ಪರೀಕ್ಷೆ. 2012ರ ಒಂದೇ ವರ್ಷದಲ್ಲಿ 91 ಗೋಲು ಹೊಡೆದ ಲಯೊನೆಲ್ ಮೆಸ್ಸಿ, ಮೊದಲ ‘ಬ್ಯಾಲನ್ ಡಿ ಓರ್’ ಪಡೆದದ್ದು 2009ರಲ್ಲಿ, ಎಂಟನೆಯದು 2023ರಲ್ಲಿ. ಎರಡೂ ತೂಕಕ್ಕೆ ನಿಲ್ಲುವ ಇಂಥವರು ವಿರಳ.

ಉಳಿದವರ ವಿಷಯದಲ್ಲಿ ಮೊದಲು ಕೇಳಬೇಕಾದ್ದು, ಅತ್ಯುತ್ತಮವಾಗಿದ್ದ ಮೂರು ನಾಲ್ಕು ವರ್ಷಗಳಲ್ಲಿ ಆತ ಎಷ್ಟು ಎತ್ತರದಲ್ಲಿದ್ದ ಎಂಬುದನ್ನು. ಎಷ್ಟು ಕಾಲ ಉಳಿದ ಎಂಬುದು ನಂತರದ ಮಾತು. ಎದುರಾಳಿಯ ಬೂಟು ಕಸಿದುಕೊಂಡ ವರ್ಷಗಳನ್ನು ಆಟಗಾರನ ಸಾಲದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.