50 ವ್ಯಾಟ್ ಅಂದ್ರೆ ನಿಜಕ್ಕೂ ಎಷ್ಟು ವ್ಯಾಟ್?

ಗಿಟಾರ್ ಆಂಪ್ ಮೇಲೆ ‘50 ವ್ಯಾಟ್’ ಅಂತ ಬರೆದಿದ್ದರೆ ಅದು ಕೊಡೋದು ಹೆಚ್ಚೆಂದರೆ 50 ಅಂತಲೇ ನಾನೂ ನಂಬಿದ್ದೆ. ಅದು ತಪ್ಪು. ಸಾಮಾನ್ಯವಾಗಿ ಆ ಅಂಕಿ ಹೇಳುವುದು ಗರಿಷ್ಠ ಮಿತಿಯನ್ನಲ್ಲ, ದನಿ ಒಡೆಯದೆ ಎಷ್ಟು ಕೊಡಬಲ್ಲದು ಎಂಬುದನ್ನು.

ಲೆಕ್ಕ ಸರಳ. 8 ಓಮ್ ಸ್ಪೀಕರಿಗೆ 50 ವ್ಯಾಟ್ ಕೊಡಲು 20 ವೋಲ್ಟ್ ಆರ್‌ಎಂಎಸ್ ಬೇಕು. ಆಗ ಅಲೆಯ ತುದಿ ಸುಮಾರು 28 ವೋಲ್ಟ್ ಮುಟ್ಟುತ್ತೆ. ಆಂಪ್‌ನ ಶಕ್ತಿ ಅಲ್ಲಿಗೆ ಮುಗೀತು ಅಂದುಕೊಳ್ಳಿ. ವಾಲ್ಯೂಮ್ ಇನ್ನೂ ತಿರುಗಿಸಿದರೆ ಅಲೆ ಮೇಲೇರಲಾಗದೆ ತುದಿ ಚಪ್ಪಟೆಯಾಗುತ್ತೆ. ರಾಕ್ ಗಿಟಾರಿನ ಆ ಒರಟು ದನಿಗೆ ಇದೂ ಒಂದು ಮೂಲ. ಆದರೆ ಕ್ಷಣಮಾತ್ರ ಮುಟ್ಟುತ್ತಿದ್ದ 28 ವೋಲ್ಟ್‌ನಲ್ಲಿ ಅಲೆ ಈಗ ಹೆಚ್ಚು ಹೊತ್ತು ನಿಲ್ಲುತ್ತೆ. ಪೂರ್ತಿ ಚೌಕವಾದರೆ ಲೆಕ್ಕ ಎರಡು ಪಟ್ಟು, ಅಂದರೆ 100 ವ್ಯಾಟ್. ಒಳಗಿನ ಪವರ್ ಸಪ್ಲೈ ಅಷ್ಟು ಹೊರೆ ತಾಳದೆ ಕುಗ್ಗುವುದರಿಂದ ನಿಜದಲ್ಲಿ ಕೊಂಚ ಕಡಿಮೆ ಬರುತ್ತೆ.

ಕಿವಿಗೆ ಮಾತ್ರ ಇದು ಎರಡು ಪಟ್ಟು ಅನಿಸಲ್ಲ, ಏರಿಕೆ ಬರೀ 3 ಡೆಸಿಬೆಲ್. ಪೆಟ್ಟು ಬೀಳೋದು ಸ್ಪೀಕರಿಗೆ. 25 ವ್ಯಾಟ್‌ನ ಎರಡು ಸ್ಪೀಕರ್ ಸೇರಿದರೆ ಕಾಗದದ ಮೇಲೆ 50 ವ್ಯಾಟ್ ಆಂಪ್‌ಗೆ ಸರಿಹೋಗುತ್ತೆ, ಆದರೆ ಓವರ್‌ಡ್ರೈವ್‌ನಲ್ಲಿ ಅವುಗಳ ಕಾಯಿಲ್ ಸುಡಬಹುದು.

ಅಗ್ಗದ ಸ್ಪೀಕರ್ ಸೆಟ್‌ಗಳ ಮೇಲಿನ ‘2000 ವ್ಯಾಟ್ ಪಿಎಂಪಿಒ’ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಅಂಕಿ ದೊಡ್ಡದು, ದನಿ ಸಣ್ಣದು. ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್, 2 ಆಂಪಿಯರ್ ಅಂತಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ನಿರಂತರವಾಗಿ ಅದಕ್ಕಿಂತ ಹೆಚ್ಚು ಹೊರಗೆ ಬರೋದು ಹೇಗೆ?

ಅಂದರೆ ಅಳೆದ ಷರತ್ತು ಹೇಳದ ಅಂಕಿಗೆ ಅರ್ಥವಿಲ್ಲ. ಷರತ್ತು ನಿರ್ಧರಿಸೋದನ್ನು ಮಾರುವವರಿಗೇ ಬಿಟ್ಟರೆ ಅವರು ತಮಗೆ ಬೇಕಾದ್ದನ್ನೇ ಆರಿಸ್ತಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮನೆಬಳಕೆಯ ಆಂಪ್‌ಗಳಿಗೆ 1974ರಲ್ಲೇ ನಿಯಮ ತಂದಿತು. 2024ರಲ್ಲಿ ಅದನ್ನು ತಿದ್ದಿ, ಎಷ್ಟು ಓಮ್, ಯಾವ ಆವರ್ತನ, ಎಷ್ಟು ವಿಕೃತಿಯಲ್ಲಿ ಅಳೆಯಬೇಕೆಂದು ಗೊತ್ತುಮಾಡಿತು. ಹಾಗೆ ಅಳೆದಾಗ ಮಾತ್ರ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸೋಕೆ ಸಾಧ್ಯ.

ಜಿಡಿಪಿ ಇರಲಿ, ನಿರುದ್ಯೋಗದ ಪ್ರಮಾಣ ಇರಲಿ, ದೊಡ್ಡ ಅಂಕಿ ಕಂಡಾಗಲೆಲ್ಲ ನನಗೀಗ ಆ ಅಡಾಪ್ಟರ್ ನೆನಪಾಗುತ್ತೆ. ಎಷ್ಟು ಅಂತ ಕೇಳೋ ಮೊದಲು, ಹೇಗೆ ಅಳೆದಿರಿ ಅಂತ ಕೇಳೋಣ.