ಕಾರಿನ ಬಾಗಿಲು ತೆಗೆದ್ರೆ ಗಬ್ಬು ವಾಸನೆ: ಸೆಂಟ್ ಬಾಟಲಿ ತರೋ ಮೊದಲು ಇದನ್ನ ಕೇಳ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಸ್ಸಿನಾಗೋ ಹೊಲದಾಗೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಗೆಳೆಯ ಗೆಳತಿಯರೇ, ಇವತ್ತಿನ ವಿಷಯ ಸ್ವಲ್ಪ ಮೂಗು ಮುಚ್ಚಿಕೊಳ್ಳುವಂಥದ್ದು. ಮನೆ ಕಾರಿನೊಳಗಿನ ಕೆಟ್ಟ ವಾಸನೆ.

ನಗಬೇಡ್ರಿ. ನಮ್ಮ ಕಡೆ ಕಾರು ಅಂದ್ರೆ ಬರೀ ಆಫೀಸಿಗೆ ಹೋಗೋ ಗಾಡಿ ಅಲ್ಲ. ಮಂಗಳವಾರ ಹುಲಿಗೆಮ್ಮನ ಗುಡಿಗೆ ಹೋಗೋದು ಅದರಲ್ಲೇ, ಗವಿಮಠದ ಜಾತ್ರೆಗೆ ರೊಟ್ಟಿ ಗಂಟು ಹೊರೋದು ಅದರಲ್ಲೇ, ಅಜ್ಜಿನ ದವಾಖಾನೆಗೆ ಕರ್ಕೊಂಡು ಹೋಗೋದೂ ಅದರಲ್ಲೇ. ಮರುದಿನ ಅದೇ ಡಿಕ್ಕಿಯಲ್ಲಿ ಯೂರಿಯಾ ಚೀಲ, ಔಷಧದ ಡಬ್ಬಿ, ಉಳ್ಳಾಗಡ್ಡಿ. ಇಷ್ಟೆಲ್ಲಾ ಹೊತ್ತ ಗಾಡಿ ಏಪ್ರಿಲ್ ಬಿಸಿಲಿಗೆ ಗಾಜು ಮುಚ್ಚಿ ನಿಂತರೆ ಏನಾಗುತ್ತೆ? ಹೊರಗೆ 40 ಡಿಗ್ರಿ ಇದ್ದಾಗ ಒಳಗೆ ಒಂದು ಗಂಟೆಯೊಳಗೆ 60ರ ಹತ್ತಿರ ಹೋಗುತ್ತೆ. ಬಿಸಿ ಏರಿದಷ್ಟೂ ಸೀಟಿನ ಬಟ್ಟೆ, ಫೋಮು, ನೆಲಹಾಸಿನೊಳಗೆ ಕೂತಿದ್ದ ವಾಸನೆಯ ಅಣುಗಳು ಆವಿಯಾಗಿ ಗಾಳಿಗೆ ಬರ್ತವೆ. ಬೆಳಿಗ್ಗೆ ಇಲ್ಲದ ವಾಸನೆ ಮಧ್ಯಾಹ್ನ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯೋದು ಇದಕ್ಕೇ.

ತಮಾಷೆ ಏನಂದ್ರೆ, ಗಾಡಿ ಯಾರದ್ದೋ ಅವರಿಗೆ ವಾಸನೆ ಗೊತ್ತಾಗೋದೇ ಇಲ್ಲ. ನಮ್ಮ ಮೂಗು ಒಂದೇ ವಾಸನೆಯನ್ನ ಕೆಲ ನಿಮಿಷ ಕುಡಿದರೆ ಸಾಕು, ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಡುತ್ತೆ. ನಿಮ್ಮ ಕಾರಿನ ವಾಸನೆ ಹೆಂಗಿದೆ ಅಂತ ತಿಳೀಬೇಕಾದ್ರೆ ರಾತ್ರಿಯಿಡೀ ಗಾಜು ಮುಚ್ಚಿಡ್ರಿ, ಬೆಳಿಗ್ಗೆ ಪಕ್ಕದ ಮನೆಯವರನ್ನ ಕರೆದು ಬಾಗಿಲು ತೆಗೆಸ್ರಿ. ಅವರ ಮುಖ ನೋಡಿದರೆ ಉತ್ತರ ಸಿಗುತ್ತೆ.

ಹೆಚ್ಚಿನವರು ಮಾಡೋದು ಏನು? ಡ್ಯಾಶ್‌ಬೋರ್ಡಿನ ಮೇಲೆ ಒಂದು ಸೆಂಟ್ ಬಾಟಲಿ ಕೂರಿಸ್ತಾರೆ. ಸೆಂಟ್ ಕೆಟ್ಟ ವಾಸನೆಯನ್ನ ತೆಗೆಯೋದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತೆ. ಹುಳಿ ಹಾಲಿನ ಜೊತೆ ಮಲ್ಲಿಗೆ ಸೇರಿದರೆ ಮಕ್ಕಳಿಗೆ ವಾಂತಿ ಗ್ಯಾರಂಟಿ. ಇನ್ನು ಕೆಲವರು ನುಸಿಗುಳಿಗೆ ಹಾಕಿಡ್ತಾರೆ. ಅದನ್ನಂತೂ ದಯವಿಟ್ಟು ಮಾಡಬೇಡ್ರಿ. ಅದರಲ್ಲಿರೋ ನ್ಯಾಫ್ತಲೀನ್ ಆವಿ ಮುಚ್ಚಿದ ಜಾಗದಲ್ಲಿ ಒಳ್ಳೇದಲ್ಲ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುವ ಎಳೆ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲದು. ಮಗುವಿಗೆ ಆ ಕೊರತೆ ಇದೆಯೋ ಇಲ್ವೋ ಅಂತ ಎಷ್ಟು ಮನೆಯಲ್ಲಿ ಗೊತ್ತಿರುತ್ತೆ ಹೇಳ್ರಿ?

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ವಾಸನೆ ಯಾವಾಗ ಬರುತ್ತೆ ಅನ್ನೋದರಿಂದ.

ಎಸಿ ಹಾಕಿದ ಮೊದಲ ಒಂದೆರಡು ನಿಮಿಷ ಮಾತ್ರ ಹಸಿ ಸಾಕ್ಸ್ ವಾಸನೆ, ಆಮೇಲೆ ಕಡಿಮೆ. ಹೀಗಿದ್ರೆ ಜಾಗ ಪಕ್ಕಾ: ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್. ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುತ್ತಲ್ಲ, ಹಂಗೇ ತಣ್ಣಗಿರೋ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತೆ. ನಾವು ಮನೆ ಮುಂದೆ ಬಂದು ಎಸಿ, ಎಂಜಿನ್ ಎರಡನ್ನೂ ಒಟ್ಟಿಗೇ ಬಂದ್ ಮಾಡಿ ಇಳೀತೀವಿ. ಆ ಒದ್ದೆ ಕಾಯಿಲ್ ಕತ್ತಲಲ್ಲಿ, ಧೂಳಿನ ಜೊತೆ, ಬೆಚ್ಚಗೆ ಉಳಿಯುತ್ತೆ. ಬೂಸ್ಟು ಬೆಳೆಯೋಕೆ ಇನ್ನೇನು ಬೇಕು? ಇದಕ್ಕೆ ಪೈಸೆ ಖರ್ಚಿಲ್ಲದ ಮದ್ದು ಇದೆ. ಊರು ಮುಟ್ಟೋಕೆ ನಾಲ್ಕೈದು ನಿಮಿಷ ಇರುವಾಗ ಎಸಿ ಬಟನ್ ಮಾತ್ರ ಆಫ್ ಮಾಡ್ರಿ, ಫ್ಯಾನ್ ಜೋರಾಗಿಟ್ಟು ಹೊರಗಿನ ಗಾಳಿ ಬರೋ ಕಡೆ ಲಿವರ್ ತಿರುಗಿಸ್ರಿ. ಕಾಯಿಲ್ ಒಣಗುತ್ತೆ. ವಾರದಲ್ಲೇ ವ್ಯತ್ಯಾಸ ಗೊತ್ತಾಗುತ್ತೆ. ಆಗಲೂ ಹೋಗದಿದ್ರೆ ಕಾಯಿಲ್ ಸ್ವಚ್ಛ ಮಾಡಿಸಬೇಕು. "ಅಣ್ಣಾ, ಗ್ಯಾಸ್ ಹೋಗೇತಿ, ಹೊಸದು ತುಂಬಿಸ್ರಿ" ಅಂತ ಯಾರಾದ್ರೂ ಅಂದ್ರೆ ಒಂದು ಪ್ರಶ್ನೆ ಕೇಳ್ರಿ: ತಂಪು ಸರಿಯಾಗಿ ಬರ್ತಿದೆಯಲ್ಲ, ಗ್ಯಾಸಿಗೂ ಈ ವಾಸನೆಗೂ ಏನು ಸಂಬಂಧ?

ಅದರ ಜೊತೆಗೇ ಕ್ಯಾಬಿನ್ ಫಿಲ್ಟರ್. ಎಷ್ಟೋ ಕಾರುಗಳಲ್ಲಿ ಇದು ಎಡಗಡೆ ಸೀಟಿನ ಮುಂದಿನ ಗ್ಲವ್ ಬಾಕ್ಸ್ ಹಿಂದೆ ಇರುತ್ತೆ. ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿದ್ರೆ ಅದು ಕೆಳಗೆ ಜಾರುತ್ತೆ, ಒಂದು ಪಟ್ಟಿ ಎಳೆದರೆ ಫಿಲ್ಟರ್ ಹೊರಗೆ. ಕಡಿಮೆ ಬೆಲೆಯ ಕೆಲವು ಮಾದರಿಗಳಿಗೆ ಫಿಲ್ಟರೇ ಇರಲ್ಲ, ನಿಮ್ಮದರಲ್ಲಿ ಇದೆಯಾ ಅಂತ ಕಾರಿನ ಪುಸ್ತಕದಲ್ಲಿ ನೋಡ್ಕೊಳ್ರಿ. ಸಾಮಾನ್ಯವಾಗಿ 10,000ದಿಂದ 15,000 ಕಿಲೋಮೀಟರಿಗೆ ಒಮ್ಮೆ ಬದಲಿಸಿ ಅಂತಾರೆ. ಗಿಣಿಗೇರಿ ಸುತ್ತಲಿನ ಕಬ್ಬಿಣ-ಉಕ್ಕಿನ ಕಾರ್ಖಾನೆಗಳ ಧೂಳು, ಸುಗ್ಗಿಯಲ್ಲಿ ಭತ್ತದ ಹೊಟ್ಟು, ಕುಷ್ಟಗಿ ಕಡೆ ಹೆದ್ದಾರಿ ಲಾರಿಗಳ ಹೊಗೆ, ಇದರಲ್ಲೆಲ್ಲಾ ಓಡುವ ಗಾಡಿಗೆ ಅಷ್ಟು ದಿನ ಕಾಯೋದು ಜಾಸ್ತಿಯಾಯ್ತು. ಮಳೆಗಾಲಕ್ಕೆ ಮೊದಲೊಮ್ಮೆ, ಸುಗ್ಗಿ ಮುಗಿದ ಮೇಲೊಮ್ಮೆ ತೆಗೆದು ನೋಡ್ರಿ. ಹೊಸದನ್ನ ಹಾಕುವಾಗ ಅದರ ಮೇಲಿನ ಬಾಣದ ಗುರುತು ಗಾಳಿ ಹೋಗೋ ದಿಕ್ಕಿಗೆ ಇರಬೇಕು.

ಫಿಲ್ಟರ್ ತೆಗೆದಾಗ ಒಳಗೆ ಹುಲ್ಲು, ಹತ್ತಿ, ಭತ್ತದ ಕಾಳು ಕಂಡ್ರೆ? ಗಂಗಾವತಿ ಕಡೆಯವರಿಗೆ ಇದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯೋ ಊರು, ಎಲ್ಲಿ ನೋಡಿದರೂ ಅಕ್ಕಿ ಗಿರಣಿ, ಅಂದ್ಮೇಲೆ ಇಲಿಗೆ ಬರಗಾಲ ಇಲ್ಲ. ಕೊಯ್ಲು ಮುಗಿದು ಗದ್ದೆ ಖಾಲಿಯಾದ ಕೂಡಲೇ ಅವು ಬೆಚ್ಚಗಿನ ಜಾಗ ಹುಡುಕ್ತವೆ, ಬಾನೆಟ್ ಕೆಳಗಿಗಿಂತ ಬೆಚ್ಚಗಿರೋದು ಯಾವುದು? ಎರಡು ಮೂರು ದಿನದಲ್ಲಿ ದಿನೇ ದಿನೇ ಏರುವ ಕೊಳೆತ ವಾಸನೆ, ಅದೂ ಫ್ಯಾನ್ ಹಾಕಿದಾಗ ಜಾಸ್ತಿ ಅಂದ್ರೆ ಎಲ್ಲೋ ಇಲಿ ಸತ್ತಿದೆ ಅಂತಲೇ ಅರ್ಥ. ಆಗ ಬರಿಗೈ ಹಾಕಬೇಡ್ರಿ. ಇಲಿ ಉಚ್ಚೆಯಿಂದ ಲೆಪ್ಟೊಸ್ಪೈರೋಸಿಸ್, ಅಂದ್ರೆ ನಾವು ಇಲಿಜ್ವರ ಅನ್ನೋದು ಬರಬಹುದು. ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿ, ಗೂಡನ್ನ ಮೊದಲು ಸೋಂಕುನಾಶಕ ನೀರಿನಿಂದ ಒದ್ದೆ ಮಾಡಿ, ಧೂಳು ಏಳದಂತೆ ತೆಗೀರಿ. ವೈರ್ ಕಡಿದಿದೆಯಾ ಅಂತ ಮೆಕ್ಯಾನಿಕ್ ಹತ್ರ ತೋರಿಸದೆ ಗಾಡಿ ದೂರ ಓಡಿಸಬೇಡ್ರಿ.

ಯಲಬುರ್ಗಾ, ಕುಕನೂರು ಕಡೆಯವರ ತೊಂದರೆ ಬೇರೆ. ಅಲ್ಲಿ ಎರೆ ಮಣ್ಣು. ಮಳೆ ಬಂತಂದ್ರೆ ಚಪ್ಪಲಿಗೆ ಅಂಟಿಕೊಂಡು ಒಂದೊಂದು ಕಾಲಿಗೆ ಅರ್ಧ ಕಿಲೋ. ಈ ಮಣ್ಣು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ, ಹೊಲಕ್ಕೆ ಅದು ವರ, ಕಾರಿನ ನೆಲಹಾಸಿಗೆ ಶಾಪ. ಮೇಲೆ ಮುಟ್ಟಿದರೆ ಒಣಗಿದಂಗೆ ಇರುತ್ತೆ, ಕೆಳಗಿನ ಫೋಮ್ ಪದರ ವಾರಗಟ್ಟಲೆ ಹಸಿಯಾಗೇ ಇರುತ್ತೆ. ರಬ್ಬರ್ ಮ್ಯಾಟ್ ತೆಗೆದು, ನೆಲಹಾಸಿನ ಮೇಲೆ ಹಳೇ ಪೇಪರ್ ಇಟ್ಟು ಕಾಲಿಂದ ಒತ್ತಿ ನಿಲ್ರಿ. ಪೇಪರ್ ಒದ್ದೆಯಾದರೆ ಒಳಗೆ ನೀರಿದೆ. ಮಳೆಯೇ ಇಲ್ಲದೆ ಎಡಗಡೆ ಮುಂದಿನ ಸೀಟಿನ ಕಾಲ ಬಳಿ ಮಾತ್ರ ಒದ್ದೆ ಅಂದ್ರೆ ಎಸಿ ನೀರು ಹೊರಗೆ ಬಿಡೋ ಸಣ್ಣ ಪೈಪ್ ಕಟ್ಟಿಕೊಂಡಿರಬಹುದು. ಎಸಿ ಹಾಕಿ ನಿಲ್ಲಿಸಿದ ಗಾಡಿ ಕೆಳಗೆ ಹನಿ ಹನಿ ನೀರು ಬೀಳಬೇಕು. ಬೀಳ್ತಿಲ್ಲ ಅಂದ್ರೆ ಆ ನೀರು ಒಳಗೇ ಹೋಗ್ತಿದೆ. ಒಣಗಿಸೋಕೆ ನಮ್ಮ ಬಿಸಿಲಿಗಿಂತ ದೊಡ್ಡ ಯಂತ್ರ ಬೇಕಾ? ನೆಲಹಾಸು ಎತ್ತಿ ಕೆಳಗೆ ಇಟ್ಟಿಗೆ ಚೂರು ಸಿಗಿಸಿ, ನಾಲ್ಕೂ ಬಾಗಿಲು ತೆಗೆದು ಒಂದೆರಡು ದಿನ ಬಿಡ್ರಿ. ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸೋದು ಒಣಗಿಸೋದಲ್ಲ, ಕುದಿಸೋದು.

ಈಗ ಚೆಲ್ಲಿದ್ದರ ಕಥೆ. ಹಾಲು, ಮೊಸರನ್ನ, ಮಗುವಿನ ವಾಂತಿ. ಹಾಲಿನ ಕೊಬ್ಬು ಒಡೆದಾಗ ಬ್ಯುಟಿರಿಕ್ ಆಮ್ಲ ಹುಟ್ಟುತ್ತೆ, ವಾಂತಿಯ ವಾಸನೆಯಲ್ಲಿ ಇರೋದೂ ಅದೇ. ಇದು ಆಮ್ಲ ಅನ್ನೋದನ್ನ ನೆನಪಿಟ್ಟುಕೊಂಡ್ರೆ ಮದ್ದು ತಾನಾಗೇ ಹೊಳೆಯುತ್ತೆ: ಅಡುಗೆ ಸೋಡಾ. ಸೋಡಾ ಆಮ್ಲದ ಜೊತೆ ಸೇರಿ ಅದನ್ನ ಉಪ್ಪಾಗಿ ಮಾಡುತ್ತೆ, ಉಪ್ಪು ಗಾಳಿಗೆ ಹಾರಲ್ಲ, ಹಾಗಾಗಿ ಮೂಗಿಗೆ ಬರಲ್ಲ. ಮೊದಲು ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೀರಿ, ಉಜ್ಜಿದ್ರೆ ಇನ್ನೂ ಒಳಗೆ ಇಳಿಯುತ್ತೆ. ಬಿಸಿನೀರು ಬೇಡ, ಹಾಲಿನ ಪ್ರೋಟೀನ್ ಬಟ್ಟೆಗೆ ಹಿಡಿದುಬಿಡುತ್ತೆ. ಆಮೇಲೆ ಸೋಡಾ ಪುಡಿ ಧಾರಾಳವಾಗಿ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಹಾಕ್ರಿ. ಹಳೇ ಕಲೆಗಾದರೆ ಕಿಣ್ವ ಇರುವ ಬಟ್ಟೆ ಸೋಪಿನ ನೀರು ಕೆಲಸ ಮಾಡುತ್ತೆ.

ಆದರೆ ಮಗು ಸೀಟಿನ ಮೇಲೆ ಉಚ್ಚೆ ಮಾಡಿ ಹಳೇದಾಗಿದ್ರೆ, ಇಲ್ಲಾ ಯೂರಿಯಾ ಚೀಲ ಹರಿದು ಕಾಳು ತೇವವಾಗಿದ್ರೆ ಬರೋ ಘಾಟು ಅಮೋನಿಯಾದ್ದು. ಅದು ಕ್ಷಾರ. ಅದಕ್ಕೆ ಸೋಡಾ ಹಾಕಿದ್ರೆ ಏನೂ ಆಗಲ್ಲ, ನೀರು ಬೆರೆಸಿದ ಬಿಳಿ ವಿನೆಗರ್ ಬೇಕು. ಮೊಬೈಲ್ ವಿಡಿಯೋಗಳಲ್ಲಿ ಸೋಡಾ, ವಿನೆಗರ್ ಎರಡನ್ನೂ ಕಲಸಿ ನೊರೆ ಬರಿಸಿ ತೋರಿಸ್ತಾರಲ್ಲ, ನೋಡೋಕೆ ಭಾರಿ ಚಂದ. ಒಂದನ್ನೊಂದು ತಿಂದು ಕೊನೆಗೆ ಉಳಿಯೋದು ಉಪ್ಪುನೀರು ಅಷ್ಟೇ. ಬ್ಲೀಚ್ ಮಾತ್ರ ವಿನೆಗರ್ ಜೊತೆಗೂ ಬೇಡ, ಟಾಯ್ಲೆಟ್ ಆಸಿಡ್ ಜೊತೆಗೂ ಬೇಡ, ಅಮೋನಿಯಾ ಇರೋ ಕಡೆಯೂ ಬೇಡ. ಮುಚ್ಚಿದ ಕಾರಿನಲ್ಲಿ ಆ ವಿಷದ ಗಾಳಿ ಉಸಿರು ಕಟ್ಟಿಸುತ್ತೆ.

ಇಲ್ಲಿಯವರೆಗೂ ಹೇಳಿದ್ದು ಕಿರಿಕಿರಿಯ ವಾಸನೆಗಳು. ಈಗ ಹೇಳೋದು ಹಂಗಲ್ಲ.

ಔಷಧದ ವಾಸನೆ. ದಾಳಿಂಬೆ, ಮೆಣಸಿನಕಾಯಿ, ಭತ್ತ, ಕಡಲೆ, ಯಾವ ಬೆಳೆಯಾದರೂ ಸಿಂಪಡಣೆಯ ಡಬ್ಬಿ ಅಂಗಡಿಯಿಂದ ಹೊಲಕ್ಕೆ ಹೋಗೋದು ಎಷ್ಟೋ ಮನೆಯಲ್ಲಿ ಅದೇ ಕಾರಲ್ಲಿ, ಹಿಂದಿನ ಸೀಟಿನ ಕೆಳಗೆ. ಮುಚ್ಚಳ ಸ್ವಲ್ಪ ಸಡಿಲ ಆದ್ರೆ ಸಾಕು. ಸಂಜೆ ಅದೇ ಸೀಟಲ್ಲಿ ಮಗು ಮಲಗಿರುತ್ತೆ. ಡಬ್ಬಿ ಮೇಲೆ ಬಣ್ಣದ ಗುರುತು ಇರುತ್ತೆ, ಗಮನಿಸಿದ್ದೀರಾ? ಕೆಂಪು ಅಂದ್ರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಔಷಧವನ್ನ ಆಹಾರಕ್ಕಾಗಲೀ ದನದ ಮೇವಿಗಾಗಲೀ ತಾಕುವ ಹಾಗೆ ಸಾಗಿಸಬಾರದು ಅಂತ 1971ರ ಕೀಟನಾಶಕ ನಿಯಮಗಳೇ ಹೇಳ್ತವೆ. ಸಂತೆ ತರಕಾರಿ ಚೀಲದ ಪಕ್ಕ ಆ ಡಬ್ಬಿ ಇಡೋದು ಎಷ್ಟು ಮಾಮೂಲಾಗಿದೆ ನೋಡ್ರಿ.

ಚೆಲ್ಲಿದೆ ಅಂತ ಗೊತ್ತಾದ ಕೂಡಲೇ ಮಕ್ಕಳು, ಬಸುರಿಯರು ಗಾಡಿಯಿಂದ ಇಳೀಬೇಕು. ಬಾಗಿಲು ಎಲ್ಲಾ ತೆಗೀರಿ. ರಬ್ಬರ್ ಕೈಗವಸು ಹಾಕಿ, ನೀರು ಹೊಯ್ಯೋ ಬದಲು ಒಣ ಮರಳು ಇಲ್ಲಾ ಮಣ್ಣು ಸುರಿದು ಹೀರಿಸಿ, ಅದನ್ನ ಕವರಿನಲ್ಲಿ ಕಟ್ಟಿ, ಬಾವಿ, ಹಳ್ಳ, ದನದ ಕೊಟ್ಟಿಗೆಯಿಂದ ದೂರ ಇಡ್ರಿ. ಆಮೇಲೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಹಲವು ಸಲ ಒರೆಸ್ರಿ. ಫೋಮಿಗೆ ಇಳಿದಿದ್ರೆ ನಾನು ಸುತ್ತಿ ಬಳಸಿ ಹೇಳಲ್ಲ: ಆ ಭಾಗದ ನೆಲಹಾಸು, ಫೋಮು ಕಿತ್ತು ಬದಲಿಸ್ರಿ. ದುಡ್ಡು ಹೋಗುತ್ತೆ, ನಿಜ. ಗಾಡಿಯಲ್ಲಿ ಕೂತವರಿಗೆ ತಲೆನೋವು, ವಾಕರಿಕೆ, ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಅಂತ ಶುರುವಾದ್ರೆ ಡಬ್ಬಿಯನ್ನ, ಇಲ್ಲಾ ಅದರ ಲೇಬಲ್ ಫೋಟೋ ತಗೊಂಡು ಸೀದಾ ಆಸ್ಪತ್ರೆಗೆ. ಯಾವ ಔಷಧ ಅಂತ ಗೊತ್ತಾದ್ರೆ ಡಾಕ್ಟರಿಗೆ ಚಿಕಿತ್ಸೆ ಸಲೀಸು. ಮುಂದೆ ಔಷಧ ತರುವಾಗ ಮುಚ್ಚಳ ಬಿಗಿಯಾಗೋ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು, ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ ತರ್ರಿ. ಬೈಕ್ ಇದ್ದರೆ ಇನ್ನೂ ಒಳ್ಳೇದು.

ಇನ್ನು ಗಾಡಿಯೇ ಕೂಗಿ ಹೇಳೋ ವಾಸನೆಗಳು, ಬೇಗ ಹೇಳಿಬಿಡ್ತೀನಿ. ಪಾಕದಂಥ ಸಿಹಿ ವಾಸನೆ, ಜೊತೆಗೆ ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು: ಕೂಲಂಟ್ ಸೋರ್ತಿದೆ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡ್ರಿ. ಕೊಳೆತ ಮೊಟ್ಟೆ ವಾಸನೆ: ಬ್ಯಾಟರಿ ಅತಿಯಾಗಿ ಚಾರ್ಜ್ ಆಗ್ತಿರಬಹುದು, ಇಲ್ಲಾ ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟಿರಬಹುದು. ಸಿಎನ್‌ಜಿ, ಎಲ್‌ಪಿಜಿ ಗಾಡಿಯಲ್ಲಿ ಅಡುಗೆ ಗ್ಯಾಸ್ ಥರ ವಾಸನೆ ಬಂದ್ರೆ ನಿಲ್ಲಿಸಿ, ಕೀ ಆಫ್ ಮಾಡಿ, ಬಾಗಿಲು ತೆಗೆದು, ಎಲ್ಲರೂ ದೂರ. ಆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲದಂಗೇ ಇರುತ್ತೆ, ಸೋರಿದ್ದು ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಬೆರೆಸಿರ್ತಾರೆ. ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಆ ಭಾಗ್ಯವೂ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಜಾತ್ರೆ, ಮದುವೆಗೆ ಹೋದಾಗ ಗಾಜು ಮುಚ್ಚಿ, ಎಂಜಿನ್ ಚಾಲೂ ಇಟ್ಟು, ಎಸಿಯಲ್ಲಿ ಮಲಗೋ ಅಭ್ಯಾಸ ಇದ್ರೆ ಇವತ್ತೇ ಬಿಡ್ರಿ. ಅಲ್ಲಿ ಮೂಗು ಎಚ್ಚರಿಸಲ್ಲ.

ಕೊನೆಗೆ ಹಳೇ ಕಾರು ತಗೊಳ್ಳೋಕೆ ಹೊರಟಿರೋ ಹುಡುಗ್ರಿಗೆ ಒಂದು ಮಾತು. ಒಳಗೆ ಕಾಲಿಟ್ಟ ಕೂಡಲೇ ಸೆಂಟ್ ಘಮ್ ಅಂತ ಹೊಡೆದ್ರೆ ಖುಷಿ ಪಡಬೇಡ್ರಿ, ಏನನ್ನ ಮುಚ್ಚಿದ್ದಾರೆ ಅಂತ ಯೋಚಿಸ್ರಿ. ಬಾಟಲಿ ತೆಗೆಸಿ, ಗಾಜು ಮುಚ್ಚಿಸಿ ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸೋಕೆ ಹೇಳ್ರಿ, ಅಷ್ಟರಲ್ಲಿ ಒಂದು ಚಾ ಕುಡಿದು ಬರ್ರಿ. ಬಂದು ಬಾಗಿಲು ತೆಗೆದು ಮೂಸ್ರಿ. ಸೀಟ್ ಬೆಲ್ಟ್‌ನ ಪೂರ್ತಿ ಹೊರಗೆ ಎಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ನೋಡ್ರಿ. ಡಿಕ್ಕಿಯ ಸ್ಟೆಪ್ನಿ ಎತ್ತಿ ಆ ಗುಂಡಿಯಲ್ಲಿ ತುಕ್ಕು, ಮಣ್ಣು ಇದೆಯಾ ನೋಡ್ರಿ. ಇದ್ರೆ ಆ ಗಾಡಿ ಒಮ್ಮೆ ನೀರಲ್ಲಿ ಮುಳುಗಿ ಎದ್ದಿರಬಹುದು. ಮಾರುವವರು ಅರ್ಧ ಗಂಟೆ ಕಾಯೋಕೆ ಒಪ್ಪದಿದ್ರೆ ಚಾ ದುಡ್ಡು ಮಾತ್ರ ಕೊಟ್ಟು ವಾಪಸ್ ಬರ್ರಿ.